ಮೆಜೆಸ್ಟಿಕ್ ಇಲ್ಲದ ಮೆಜೆಸ್ಟಿಕ್!

"ಮೆಜೆಸ್ಟಿಕ್... ಮೆಜೆಸ್ಟಿಕ್... ಯಾರ್ರೀ ಲಾಸ್ಟ್ ಸ್ಟಾಪು? ಲಗೇಜ್ ನೋಡ್ಕೊಂಡು ಇಳೀರಿ!"

ಕಂಡಕ್ಟರ್ ಮಹಾಶಯ ಕೂಗಿದ. ನಿದ್ದೆಗಣ್ಣಿನ ಜನ ಚೀಲ, ಬಕೆಟ್ಟು, ತೆಂಗಿನಕಾಯಿ ಮೂಟೆ ಹುಡುಕತೊಡಗಿದರು. ನಾನೂ ಇಳಿದೆ. ನನ್ನ ಹಿಂದೆ ಅಕ್ಕನ ಮಗ. ಡಿಗ್ರಿ ಮುಗಿಸಿದ ಹುಡುಗ, ಮಾರನೇ ದಿನ ಕೆಲಸದ ಇಂಟರ್‌ವ್ಯೂ. ಮಾವ ಜೊತೆಗಿರಲಿ ಅಂತ ಅಕ್ಕ ನನ್ನನ್ನು ಗಂಟು ಹಾಕಿದ್ದಳು.

ಬಸ್‌ಸ್ಟ್ಯಾಂಡಿನ ಹೊರಗೆ ಬಂದು ನಿಂತಿದ್ದೇ ತಡ, ಹುಡುಗ ಕೇಳಿದ:

"ಮಾವ, ಎಲ್ಲಾ ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತಾರಲ್ಲ, ಆ ಮೆಜೆಸ್ಟಿಕ್ ಎಲ್ಲಿದೆ?"

ಗೆಳೆಯರೇ, ನೀವೂ ಈ ಪತ್ರಿಕೆಯನ್ನು ಯಾವುದೋ ಬಸ್‌ಸ್ಟ್ಯಾಂಡಿನಲ್ಲೇ ಕೊಂಡಿರುತ್ತೀರಿ. ನೀವೇ ಹೇಳಿ, ಏನಂತ ಉತ್ತರ ಕೊಡಲಿ? ಮೆಜೆಸ್ಟಿಕ್ ಒಂದು ಥಿಯೇಟರು ಕಣಪ್ಪಾ. ಅದರಿಂದಲೇ ಈ ಜಾಗಕ್ಕೆ ಆ ಹೆಸರು. ಥಿಯೇಟರ್ ಕೆಡವಿದರು, ಅಂಗಡಿಗಳ ಕಾಂಪ್ಲೆಕ್ಸ್ ಬಂತು. ಹೆಸರು ಮಾತ್ರ ಕಂಡಕ್ಟರ್ ಬಾಯಲ್ಲಿ ಉಳಿಯಿತು. ಬಸ್ ನಿಲ್ದಾಣಕ್ಕೆ ಸರ್ಕಾರ ಕೆಂಪೇಗೌಡರ ಹೆಸರಿಟ್ಟಿದೆ, ಒಪ್ಪಬೇಕಾದ್ದೇ. ಆದರೆ ನೆಲದ ಕೆಳಗೆ ಮೆಟ್ರೋ ಬಂದಾಗಲೂ ನಿಲ್ದಾಣದ ಹೆಸರಿನ ಜೊತೆ 'ಮೆಜೆಸ್ಟಿಕ್' ಅಂತ ಸೇರಿಸಲೇಬೇಕಾಯಿತು. ಸಾಲದ್ದಕ್ಕೆ 2002ರಲ್ಲಿ ಅದೇ ಹೆಸರಿನ ಸಿನಿಮಾನೇ ಬಂತು!

"ಅಂದ್ರೆ ಇಲ್ಲದೇ ಇರೋ ಜಾಗಕ್ಕೆ ಟಿಕೆಟ್ ಕೊಟ್ಟು ಕರ್ಕೊಂಡ್ ಬಂದ್ರು ಅನ್ನಿ," ಎಂದು ನಕ್ಕ ಅಳಿಯ.

ನನಗೆ ನಗು ಬರಲಿಲ್ಲ. ಬಾ ತೋರಿಸ್ತೀನಿ ಅಂತ ಹೊರಟೆ.

ಕೆರೆಯ ಮೇಲೆ ಬಸ್ಸು

ಮೊದಲು ಕಾಲ ಕೆಳಗಿನ ಕಥೆ. ಈ ಬಸ್ ನಿಲ್ದಾಣ ಇರುವುದೇ ಒಂದು ಕೆರೆಯ ಅಂಗಳದಲ್ಲಿ. ಅದು ಧರ್ಮಾಂಬುಧಿ ಕೆರೆ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ಕೆರೆ ಒಣಗಿತು, ಮೈದಾನವಾಯಿತು, ಸುಭಾಷ್‌ನಗರ ಎನಿಸಿಕೊಂಡಿತು, 1980ರ ದಶಕದಲ್ಲಿ ಈಗಿನ ಬಸ್ ನಿಲ್ದಾಣ ಎದ್ದಿತು. ಪಕ್ಕದ ರಸ್ತೆಗೆ ಇವತ್ತೂ ಟ್ಯಾಂಕ್ ಬಂಡ್ ರೋಡ್ ಅಂತಲೇ ಹೆಸರು. ಕೆರೆ ಇಲ್ಲ, ಏರಿಯ ಹೆಸರಿದೆ.

ನೋಡಿ, ಈ ಊರಿನ ಪದ್ಧತಿಯೇ ಹೀಗೆ. ವಸ್ತು ಹೋಗುತ್ತದೆ, ಬೋರ್ಡು ಉಳಿಯುತ್ತದೆ.

ಆ ಸಾಲು ದೀಪಗಳು

ನಾನು ಮೊದಲ ಸಲ ಇಲ್ಲಿಗೆ ಬಂದಿದ್ದು 1981ರಲ್ಲಿ, ಸೋದರಮಾವನ ಕೈ ಹಿಡಿದು. ತಿಪಟೂರಿನಿಂದ ಬಂದ ಹುಡುಗನಿಗೆ ಕೆಂಪೇಗೌಡ ರಸ್ತೆ ಅಂದರೆ ಜಾತ್ರೆ. ಆಕಾಶಕ್ಕೆ ಮುಟ್ಟುವ ಕಟೌಟುಗಳು, ಹೂವಿನ ಹಾರ, ಸ್ಟಾರುಗಳು, ಹೌಸ್‌ಫುಲ್ ಬೋರ್ಡು. ಬೋರ್ಡಿನ ಪಕ್ಕದಲ್ಲೇ ಮೆಲ್ಲಗೆ ಗುನುಗುವ ಬ್ಲಾಕ್ ಟಿಕೆಟ್‌ನವನು. ನಮಗೆ ಬಾಲ್ಕನಿಯ ಯೋಗ ಎಲ್ಲಿಂದ ಬರಬೇಕು? ಗಾಂಧಿ ಕ್ಲಾಸಿನಲ್ಲಿ ಕತ್ತೆತ್ತಿ ಕೂತು ನೋಡಿದ್ದು. ಆಚೆ ಬಂದಾಗ ಕುತ್ತಿಗೆ ನೋವು, ಎದೆಯೊಳಗೆ ಸೀಟಿ!

ಆ ರಸ್ತೆಯಲ್ಲೂ ಸುತ್ತಮುತ್ತಲೂ ಎಷ್ಟು ಥಿಯೇಟರುಗಳು! ಸಂತೋಷ್, ನರ್ತಕಿ, ಸಪ್ನ, ತ್ರಿವೇಣಿ, ಅನುಪಮ, ಮೇನಕಾ, ಸಾಗರ್, ಅಲಂಕಾರ್, ಪ್ರಭಾತ್, ಕಲ್ಪನಾ, ಹಿಮಾಲಯ, ಗೀತಾ, ಕೆಂಪೇಗೌಡ... ಒಂದರಲ್ಲಿ ಟಿಕೆಟ್ ಸಿಗದಿದ್ದರೆ ಪಕ್ಕದ್ದಕ್ಕೆ ಓಡು. ಅಲ್ಲೂ ಸಿಗದಿದ್ದರೆ ಅದರ ಪಕ್ಕದ್ದಕ್ಕೆ. ಬೆಂಗಳೂರಿಗೆ ಬಂದು ಸಿನಿಮಾ ನೋಡದೆ ಊರಿಗೆ ಮರಳಿದವನು ಯಾರೂ ಇರಲಿಲ್ಲ.

ನಮ್ಮ ಸೋದರಮಾವ ನನ್ನನ್ನು ಒಂದು ಕಡೆ ನಿಲ್ಲಿಸಿ, ದೇವಸ್ಥಾನ ತೋರಿಸುವವರ ಹಾಗೆ ಕೈ ಚಾಚಿ ಹೇಳಿದ್ದರು: "ಇದೇ ಕಣೋ ಸ್ಟೇಟ್ಸ್! 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ್ದು ಇಲ್ಲೇ. ನಾನು ನಾಲ್ಕು ಸಲ ನೋಡಿದ್ದೂ ಇಲ್ಲೇ."

1972ರಲ್ಲಿ ತೆರೆಕಂಡ ಚಿತ್ರ. ಅಣ್ಣಾವ್ರ ರಾಜೀವಪ್ಪನನ್ನು ನೋಡಿ ಎಷ್ಟೋ ಹುಡುಗರು ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದರು ಅಂತ ಹೇಳುತ್ತಾರೆ. ನಮ್ಮ ಮಾವನೂ ಅವರಲ್ಲೊಬ್ಬರು. ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲಿ ತೆಂಗಿನ ಸಸಿ ನೆಟ್ಟರು. ಆ ತೋಟದ ಕಾಯಿ ಮಾರಿದ ದುಡ್ಡಲ್ಲೇ ನಾನು ಓದಿದ್ದು. ಅಂದರೆ ನನ್ನ ಬದುಕಿನ ಒಂದು ತುದಿ ಆ ಥಿಯೇಟರಿನ ಗೋಡೆಗೆ ಗಂಟು ಬಿದ್ದಿದೆ, ಅಲ್ಲವೇ? ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು. ಮಾವ ಮಾತ್ರ ಸಾಯುವವರೆಗೂ ಸ್ಟೇಟ್ಸ್ ಅಂತಲೇ ಅಂದರು.

ಗೇಟ್ ಕೀಪರ್ ಬಾಯಿ ಮುಚ್ಚಿಸಿದ್ದು

ಅಳಿಯನ ಜೊತೆ ನಡೆಯುತ್ತಾ ಎಣಿಸತೊಡಗಿದೆ. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ. ಪ್ರಭಾತ್ ಇದ್ದಲ್ಲಿ ಪ್ರಭಾತ್ ಕಾಂಪ್ಲೆಕ್ಸ್. ಹಿಮಾಲಯ ಕರಗಿತು, ಗೀತಾ ಹಾಡು ನಿಲ್ಲಿಸಿತು, ಕಲ್ಪನಾ ಬರೀ ಕಲ್ಪನೆ. ಆ ಕಡೆ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ! 1968ರಲ್ಲಿ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ ಬಂದು ಉದ್ಘಾಟಿಸಿದ ಥಿಯೇಟರು. 1400ಕ್ಕೂ ಹೆಚ್ಚು ಸೀಟು, ಸಿನೆರಮಾ ತೋರಿಸುವಂಥ ಬಾಗಿದ ದೊಡ್ಡ ತೆರೆ. ಶಿವಣ್ಣನ 'ಓಂ' ಅಲ್ಲಿ ಮತ್ತೆ ಮತ್ತೆ ಬಂದು, ಬಂದಾಗಲೆಲ್ಲಾ ಜನ ಸೇರುತ್ತಿದ್ದರು. 2017ರಲ್ಲಿ ಕಪಾಲಿಯೂ ಬಾಗಿಲು ಹಾಕಿತು, ಕಟ್ಟಡ ನೆಲಸಮವಾಯಿತು.

ಒಂದು ಕಾಂಪ್ಲೆಕ್ಸಿನ ಮುಂದೆ ಮೊಬೈಲ್ ಕವರ್ ಮಾರುವ ಹಿರಿಯರೊಬ್ಬರು ಕೂತಿದ್ದರು. ಅಳಿಯ ವ್ಯಾಪಾರಕ್ಕೆ ನಿಂತ. ಮಾತಿಗೆ ಮಾತು ಬೆಳೆದು, ಅವರು ಹತ್ತಿರದ ಒಂದು ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ಗೇಟ್ ಕೀಪರ್ ಆಗಿದ್ದವರು ಅಂತ ತಿಳಿಯಿತು. ನನಗೆ ಉತ್ಸಾಹ ಉಕ್ಕಿತು.

"ಎಂಥ ಥಿಯೇಟರುಗಳು ಸ್ವಾಮಿ! ಇವನ್ನೆಲ್ಲ ಕೆಡವಬಾರದಿತ್ತು, ಹಾಗೇ ಉಳಿಸಬೇಕಿತ್ತು," ಅಂದೆ.

ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ನೀವು ಕೊನೇ ಸಲ ಇಲ್ಲಿ ಸಿನಿಮಾ ನೋಡಿದ್ದು ಯಾವಾಗ ಸಾರ್?"

ನನ್ನ ಬಾಯಿ ಕಟ್ಟಿತು. ಹದಿನೈದು ವರ್ಷದ ಮೇಲಾಗಿತ್ತು.

"ಸಾವಿರ ಸೀಟಿಗೆ ನಲವತ್ತು ಜನ ಕೂತಿರೋದು ನಾನು ನೋಡಿದೀನಿ. ಅವತ್ತೂ ಫ್ಯಾನ್ ತಿರುಗಬೇಕು, ಲೈಟು ಉರೀಬೇಕು, ನಮಗೆ ಸಂಬಳ ಕೊಡಬೇಕು. ಉಳಿಸ್ರಿ ಉಳಿಸ್ರಿ ಅಂತೀರಿ. ಕರೆಂಟ್ ಬಿಲ್ ಯಾರು ಕಟ್ತಾರೆ ಹೇಳಿ?"

ಕೋಪದಲ್ಲಿ ಹೇಳಿದ್ದಲ್ಲ. ಕವರ್ ಒರೆಸುತ್ತಾ ಹೇಳಿದ್ದು. ಅದಕ್ಕೇ ಹೆಚ್ಚು ನಾಟಿತು.

ಅವರ ಲೆಕ್ಕ ಸುಳ್ಳಲ್ಲ. ಮೊದಲು ಟಿ.ವಿ. ಬಂತು, ವೀಡಿಯೋ ಬಂತು. 2004ರಲ್ಲಿ ಕೋರಮಂಗಲದ ಮಾಲ್‌ನಲ್ಲಿ ಹನ್ನೊಂದು ತೆರೆಯ ಮಲ್ಟಿಪ್ಲೆಕ್ಸ್ ಬಂತು. ಅದನ್ನೂ ಬರೀ ಬೈಯುವಂತಿಲ್ಲ, 'ಮುಂಗಾರು ಮಳೆ' ವರ್ಷಕ್ಕೂ ಮೀರಿ ಓಡಿ ದಾಖಲೆ ಮಾಡಿದ್ದು ಅಲ್ಲೇ. 2020ರಲ್ಲಿ ಕೊರೋನಾ ಬಂದು ಎಲ್ಲ ಥಿಯೇಟರಿಗೂ ಬೀಗ ಹಾಕಿಸಿತು. ಆಮೇಲೆ ಜನ ಮನೆಯಲ್ಲೇ, ಅಂಗೈಯಲ್ಲೇ ಸಿನಿಮಾ ನೋಡುವುದು ಕಲಿತರು. ಇತ್ತ ಮೆಜೆಸ್ಟಿಕ್‌ನ ಒಂದೊಂದು ಅಡಿ ಜಾಗಕ್ಕೂ ಬಂಗಾರದ ಬೆಲೆ. ಖಾಲಿ ಸೀಟಿನ ಕೆಳಗಿನ ನೆಲ ಸೀಟಿಗಿಂತ ಹೆಚ್ಚು ದುಡಿಯುತ್ತದೆ ಅಂದಾಗ ಮಾಲೀಕ ಏನು ಮಾಡಿಯಾನು? ಮಹಾತ್ಮಾಗಾಂಧಿ ರಸ್ತೆಯ ಪ್ಲಾಜಾ ಮೆಟ್ರೋಗೆ ಜಾಗ ಬಿಟ್ಟಿತು. 1974ರಲ್ಲಿ 'ಬಂಗಾರದ ಪಂಜರ'ದೊಂದಿಗೆ ಶುರುವಾದ ಕಾವೇರಿ 2024ರಲ್ಲಿ ನಿಂತಿತು.

ಹಾಗಾದರೆ ಉಳಿಸುವುದೇ ಬೇಡವೇ?

ಬೇಕು ಗೆಳೆಯರೇ, ಬೇಕು. ಆದರೆ ಅಳುವುದರಿಂದ ಉಳಿಯುವುದಿಲ್ಲ.

ಇದೇ ಕೆಂಪೇಗೌಡ ರಸ್ತೆಯಲ್ಲಿ ಜನತಾ ಬಜಾರ್ ಕಟ್ಟಡ ಇದೆ, ಏಷಿಯಾಟಿಕ್ ಬಿಲ್ಡಿಂಗ್ ಅಂತ ಹಳೇ ಹೆಸರು. 1930ರ ದಶಕದ್ದು. ಅದನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸುವ ಯೋಜನೆ ಸರ್ಕಾರದ್ದೇ ಆಗಿತ್ತು. ಪರಂಪರೆಯ ಕಟ್ಟಡಗಳಿಗಾಗಿ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ಹೈಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ತಡೆ ನೀಡಿತು. ಯಾರೋ ನಾಲ್ಕು ಜನ ಕಾಗದಪತ್ರ ಹಿಡಿದು ನಿಂತಿದ್ದಕ್ಕೆ ಗುದ್ದಲಿ ನಿಂತಿತು.

ಇನ್ನೊಂದು ದಾರಿಯೂ ಉಂಟು. ಬ್ರಿಗೇಡ್ ರಸ್ತೆಯ ಮೂಲೆಯ ಆಪೆರಾ ಹೌಸ್ ಬಹಳ ವರ್ಷ ಪಾಳು ಬಿದ್ದಿತ್ತು. 2018ರಲ್ಲಿ ಒಂದು ಫೋನ್ ಕಂಪನಿ ಅದನ್ನು ದುರಸ್ತಿ ಮಾಡಿ ತನ್ನ ಮಳಿಗೆ ತೆರೆಯಿತು. ಒಳಗಿನ ವ್ಯಾಪಾರ ಬೇರೆ, ಗೋಡೆ ಅದೇ. ಮುಂಬೈಯ ರಾಯಲ್ ಆಪೆರಾ ಹೌಸ್ 1993ರಲ್ಲಿ ಮುಚ್ಚಿದ್ದು, ರಿಪೇರಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಅಂದರೆ ಹಳೆಯದು ಉಳಿಯಲೂಬಹುದು, ದುಡಿಯಲೂಬಹುದು.

ಆದರೆ ನಮ್ಮ ಥಿಯೇಟರುಗಳಿಗೆ ಈ ಭಾಗ್ಯ ಯಾಕಿಲ್ಲ? ಯಾಕೆಂದರೆ ಪರಂಪರೆ ಅಂದಕೂಡಲೇ ನಮಗೆ ಅರಮನೆ ನೆನಪಾಗುತ್ತದೆ, ಗುಡಿ ನೆನಪಾಗುತ್ತದೆ. ರಾಜ ಕೂತ ಸಿಂಹಾಸನಕ್ಕೆ ಕಾವಲು ಹಾಕುತ್ತೇವೆ. ಹಮಾಲಿ, ಆಟೋ ಡ್ರೈವರ್, ಕಾಲೇಜು ಹುಡುಗ ಒಟ್ಟಿಗೆ ಕೂತು ಶಿಳ್ಳೆ ಹೊಡೆದ ಬೆಂಚಿಗೆ ಯಾವ ಕಾವಲು?

ಇಡೀ ಕಟ್ಟಡ ಉಳಿಸಲು ಆಗದಿದ್ದರೆ ಬೇಡ. ಹೊಸ ಕಾಂಪ್ಲೆಕ್ಸ್ ಕಟ್ಟುವಾಗ ಹಳೆಯ ಮುಖದ ಗೋಡೆ ಬಿಡಲಿ. ಮೇಲಿನ ಮಹಡಿಯಲ್ಲಿ ಒಂದು ಚಿಕ್ಕ ತೆರೆ ಇಡಲಿ. ಹಳೇ ಪ್ರೊಜೆಕ್ಟರನ್ನು ಗುಜರಿಗೆ ಹಾಕದೆ ಬಾಗಿಲಲ್ಲಿ ನಿಲ್ಲಿಸಲಿ. ಅದೂ ಬೇಡ, ಒಂದು ಕಲ್ಲಿನ ಫಲಕ ಸಾಕು: ಇಲ್ಲಿ ಇಂಥ ಥಿಯೇಟರ್ ಇತ್ತು, ಇಂಥ ಚಿತ್ರ ಇಷ್ಟು ವಾರ ಓಡಿತು ಅಂತ. ಕಟೌಟಿಗೆ ಹಾಲು ಸುರಿಯುವ ಅಭಿಮಾನಿ ಸಂಘಗಳು ಮನಸ್ಸು ಮಾಡಿದರೆ ಒಂದು ಕಲ್ಲು ದೊಡ್ಡದೇ?

ಇದನ್ನೆಲ್ಲ ಗೇಟ್ ಕೀಪರಿಗೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. "ಕಲ್ಲು ಆಮೇಲೆ ಹಾಕಿ. ಇನ್ನೂ ಸಿನಿಮಾ ಓಡ್ತಿರೋ ಕಡೆ ಮೊದಲು ಟಿಕೆಟ್ ತಗೊಳ್ಳಿ ಸಾರ್," ಅಂದರು. ಅಳಿಯನಿಗೆ ಕವರಿನಲ್ಲಿ ಇಪ್ಪತ್ತು ರೂಪಾಯಿ ಬಿಟ್ಟರು.

ಅಕ್ಕನ ಗುಟ್ಟು

ಸಂಜೆಯಾಗಿತ್ತು. ಅಕ್ಕನ ಫೋನು ಬಂತು. ಅಳಿಯ ಸ್ಪೀಕರ್ ಹಾಕಿದ.

"ಎಲ್ಲಿದೀರೋ?"

"ಮೆಜೆಸ್ಟಿಕ್‌ನಲ್ಲಿ ಅಮ್ಮ. ಮಾವ ಇಲ್ಲದೇ ಇರೋ ಥಿಯೇಟರೆಲ್ಲಾ ತೋರಿಸ್ತಾ ಇದಾರೆ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಅಲಂಕಾರ್ ಇದೆಯೇನೋ?"

ನಾನು ಬೆಚ್ಚಿದೆ. ಅಕ್ಕನಿಗೂ ಅಲಂಕಾರ್‌ಗೂ ಏನು ಸಂಬಂಧ? ನಮ್ಮ ಮನೆಯ ಹೆಣ್ಣುಮಕ್ಕಳನ್ನು ಬೆಂಗಳೂರಿನ ಸಿನಿಮಾಕ್ಕೆ ಯಾರೂ ಕರೆದೊಯ್ದಿರಲಿಲ್ಲ.

"ಮದುವೆಯಾದ ಹೊಸದರಲ್ಲಿ ಇವನ ಅಪ್ಪ ಕರ್ಕೊಂಡು ಹೋಗಿದ್ರು. ಬಟ್ಟೆ ತಗೊಳ್ಳೋಕೆ ಅಂತ ಮನೇಲಿ ಸುಳ್ಳು ಹೇಳಿ. ಅವರು ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತೇ ಮೊದಲು, ಇಂಟರ್‌ವಲ್‌ನಲ್ಲಿ."

ಭಾವ ತೀರಿಕೊಂಡು ಆರು ವರ್ಷವಾಯಿತು. ಅಳಿಯ ಈ ಕಥೆ ಕೇಳಿದ್ದು ಅವತ್ತೇ ಮೊದಲು. ನಾನೂ ಅಷ್ಟೇ.

ಹುಡುಗ ತಲೆ ಎತ್ತಿ ಎದುರಿನ ಕಟ್ಟಡ ನೋಡಿದ. ಸೂಟ್‌ಕೇಸು, ಬಟ್ಟೆ, ವಾಚು, ಜನವೋ ಜನ.

"ಹೆಸರಿದೆ ಅಮ್ಮ," ಅಂದ. ಸ್ವಲ್ಪ ತಡೆದು ಕೇಳಿದ: "ಬಾಗಿಲು ಯಾವ ಕಡೆಗಿತ್ತು? ನೀವು ಎಲ್ಲಿ ಕೂತಿದ್ರಿ?"

ಅಕ್ಕ ಹೇಳತೊಡಗಿದಳು. ಹುಡುಗ ಫೋನು ಕಿವಿಗಿಟ್ಟುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಕಾಂಪ್ಲೆಕ್ಸಿನ ಒಳಗೆ ನಡೆದೇಬಿಟ್ಟ.

ನಾನು ಹೊರಗೇ ನಿಂತೆ. ಅವನು ಬಂದ ಮೇಲೆ ಸೆಕೆಂಡ್ ಷೋಗೆ ಹೋಗೋಣ ಅಂತ, ಯಾವ ಥಿಯೇಟರಿನ ಮುಂದೆ ದೀಪ ಹತ್ತಿದೆ ಅಂತ ನೋಡತೊಡಗಿದೆ.