ಕೂಡಿ ಕಲಿಯದೆ ಕೂಡಿ ದುಡಿಯುವುದು ಹೇಗೆ?

ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ ಹೆರಿಗೆ ನೋವು ಎದ್ದ ಹೆಣ್ಣುಮಗಳೊಬ್ಬಳ ಜೀವ ಉಳಿಯಬೇಕಾದರೆ ಎಷ್ಟು ಜನ ಬೇಕು? ಎಣಿಸಿ ನೋಡಿ. ಮನೆಗೆ ಬಂದು ಹೋಗುವ ಆಶಾ ಕಾರ್ಯಕರ್ತೆ, ಉಪಕೇಂದ್ರದ ನರ್ಸಮ್ಮ, 108 ಗಾಡಿಯ ಸಿಬ್ಬಂದಿ, ತಾಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್, ವೈದ್ಯರು, ಅರಿವಳಿಕೆ ಕೊಡುವವರು, ರಕ್ತ ಪರೀಕ್ಷಿಸುವ ಲ್ಯಾಬಿನವರು, ಔಷಧಿ ಕೊಡುವ ಫಾರ್ಮಸಿಸ್ಟ್. ಅಲ್ಲಿ ಆಗದಿದ್ದರೆ ಕೊಪ್ಪಳ, ಅಲ್ಲೂ ಆಗದಿದ್ದರೆ ಹುಬ್ಬಳ್ಳಿ ಇಲ್ಲವೆ ಬಳ್ಳಾರಿ. ಹೋದಲ್ಲೆಲ್ಲ ಮತ್ತೆ ಇಷ್ಟೇ ಜನ. ಇವರೆಲ್ಲ ಬೇರೆ ಬೇರೆ ಕಡೆ ಓದಿ, ಬೇರೆ ಬೇರೆ ಪರೀಕ್ಷೆ ಪಾಸಾಗಿ ಬಂದವರು. ಒಬ್ಬರನ್ನೊಬ್ಬರು ಮೊದಲ ಬಾರಿಗೆ ಕಾಣುವುದು ರೋಗಿಯ ಮಂಚದ ಪಕ್ಕದಲ್ಲಿ.

ಈ ಕೊರತೆಯ ಬೆಲೆ ಏನೆಂದು ಊಹಿಸಲು ನಮ್ಮ ಜಿಲ್ಲೆಯಿಂದ ಹೊರಗೆ ಹೋಗಬೇಕಿಲ್ಲ. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೆನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಆರೋಗ್ಯದ ಬಗ್ಗೆ ಅಧ್ಯಯನ ನಡೆಸಿದರು. ತಾಯಂದಿರ ಸಾವುಗಳನ್ನು ಶೋಧಿಸಿದ ಬಗೆಯನ್ನು ವಿವರಿಸುವ ಅವರ ಲೇಖನ 2013ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ 'ರಶೋಮನ್' ಎಂಬ ಹೆಸರಿದೆ. ಕುರೊಸಾವಾ 1950ರಲ್ಲಿ ತೆಗೆದ ಆ ಸಿನಿಮಾದಲ್ಲಿ ಒಂದೇ ಸಾವಿನ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಕಥೆ ಬರೆಯುವ ನನಗೆ ಆ ಹೆಸರು ನಾಟಿತು. ಮನೆಯವರ ಕಥೆ ಒಂದು, ನರ್ಸಿನ ಕಥೆ ಒಂದು, ವೈದ್ಯರ ಕಥೆ ಇನ್ನೊಂದು. ಅವನ್ನೆಲ್ಲ ಒಂದರ ಪಕ್ಕ ಒಂದಿಟ್ಟು, ಸಾವನ್ನು ತಪ್ಪಿಸುವ ಅವಕಾಶ ಎಲ್ಲೆಲ್ಲಿ ಕೈತಪ್ಪಿತು ಎಂದು ಅವರು ಹುಡುಕಿದರು. ಏನನ್ನೂ ಮಾಡದಿರುವುದು, ಸಾಲದಷ್ಟು ಮಾಡುವುದು, ಮಾಡಬಾರದ್ದನ್ನು ಮಾಡುವುದು, ತಪ್ಪಿಸಲಾಗದ ತಡ: ಹೀಗೆ ನಾಲ್ಕಾಗಿ ವಿಂಗಡಿಸಿದರು.

ಸಿನಿಮಾದಲ್ಲಿ ಕಥೆಗಳು ಕೂಡದಿದ್ದರೆ ಅದು ಕಲೆ. ಆಸ್ಪತ್ರೆಯಲ್ಲಿ ಕೂಡದಿದ್ದರೆ ಒಂದು ಜನಾಜಾ ಅಥವಾ ಒಂದು ಚಿತೆ. ಔಷಧಿ, ಗಾಡಿ, ಹಣ ಇಲ್ಲದೆ ಆಗುವ ಸಾವುಗಳು ಇದ್ದೇ ಇವೆ. ಆದರೆ ಎಲ್ಲವೂ ಇದ್ದು, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪದೆ ಆಗುವ ಸಾವಿಗೆ ಯಾರನ್ನು ಕೇಳಬೇಕು?

ನನ್ನ ಖಾಲಾ ಒಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಮ್ಮೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಳಿ ಹಳೆಯ ಚೀಟಿ, ಹೊಸ ಚೀಟಿ ಎರಡೂ ಇದ್ದವು. ಎರಡರಲ್ಲೂ ಸಕ್ಕರೆ ಇಳಿಸುವ ಗುಳಿಗೆ. ಕಂಪೆನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಖಾಲಾಗೆ ಬರುವುದು ಉರ್ದು ಅಕ್ಷರ ಮಾತ್ರ, ಚೀಟಿ ಇಂಗ್ಲಿಷಿನದು. ಎರಡನ್ನೂ ನಿಷ್ಠೆಯಿಂದ ನುಂಗಿದರು. ಮೂರನೆಯ ದಿನ ಬೆಳಗಿನ ಜಾವ ಮೈಯೆಲ್ಲ ಬೆವರಿ, ಮಾತು ತೊದಲಿ, ನಮ್ಮ ಗುರುತೇ ಹತ್ತದಂತಾದರು. ಸಕ್ಕರೆ ನೀರು ಕುಡಿಸಿ ಓಡಿದ್ದರಿಂದ ಉಳಿದರು. ಆಮೇಲೆ ಔಷಧಿ ಅಂಗಡಿಯ ಹುಡುಗನನ್ನು ಕೇಳಿದೆ. "ನನಗ ಕಂಡಿತ್ರೀ ಸರ, ಎರಡೂ ಒಂದೇ ಅಂತ. ಆದ್ರ ಡಾಕ್ಟರ್ ಬರದದ್ದಕ್ಕ ನಾ ಹೆಂಗ ಬಾಯಿ ಹಾಕ್ಲಿ?" ಎಂದ. ವಾರ್ಡಿನಲ್ಲಿ ನೋಡಿಕೊಂಡಿದ್ದ ಸಿಸ್ಟರ್ ಅಂದದ್ದೂ ಅದೇ ಧಾಟಿಯಲ್ಲಿ: "ಹಳೇ ಚೀಟಿ ನಾ ನೋಡಿದ್ದೆ. ನಮ್ಮನ್ನ ಯಾರ್ ಕೇಳ್ತಾರ್ರೀ ಅಣ್ಣಾರ?"

ಇಬ್ಬರಿಗೂ ಗೊತ್ತಿತ್ತು. ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸವೂ ಆ ಕಡೆ ಇರಲಿಲ್ಲ. ಇದು ಒಬ್ಬರ ಕೆಟ್ಟತನವಲ್ಲ, ಕಲಿಕೆಯಲ್ಲೇ ಬಿಟ್ಟುಹೋದ ಪಾಠ.

ನಾನು ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಹೋದವನು. ಎರಡು ಶಾಲೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ಆ ಕಡೆಯ ಹುಡುಗರ ಬಗ್ಗೆ ನಮಗಿದ್ದದ್ದು, ನಮ್ಮ ಬಗ್ಗೆ ಅವರಿಗಿದ್ದದ್ದು ಬರೀ ಅಂದಾಜು. ಒಂದೇ ಬೆಂಚಿನಲ್ಲಿ ಕೂತು, ಅವನ ಲೆಕ್ಕ ನಾನು ನೋಡಿ, ನನ್ನ ಪದ್ಯದ ಅರ್ಥ ಅವನು ಕೇಳಿದ ಮೇಲೆ ಅಂದಾಜು ಹೋಗಿ ಪರಿಚಯ ಬಂತು. ಗೋಡೆಯ ಈಚೆ ನಿಂತು ಸೌಹಾರ್ದದ ಭಾಷಣ ಎಷ್ಟು ಕೇಳಿದ್ದರೂ ಅದು ಬರುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ್ದೂ ಸ್ಥೂಲವಾಗಿ ಇದನ್ನೇ. ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು. ಒಂದೇ ಹಾಲ್‌ನಲ್ಲಿ ಕೂತು ಒಂದೇ ಉಪನ್ಯಾಸ ಕೇಳಿದರೆ ಸಾಲದು. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯ ಇದನ್ನು 1986ರಲ್ಲೇ ಆರಂಭಿಸಿತು. ಹತ್ತು ವರ್ಷಗಳ ನಂತರ ಅಲ್ಲಿ, ಹಿರಿಯರ ಕಣ್ಗಾವಲಿನಲ್ಲಿ ಬೇರೆ ಬೇರೆ ಕೋರ್ಸುಗಳ ವಿದ್ಯಾರ್ಥಿಗಳೇ ಕೂಡಿ ನಡೆಸುವ ವಾರ್ಡ್ ತೆರೆಯಿತು. ನಮ್ಮಲ್ಲಿ ಮಣಿಪಾಲದ ವಿಶ್ವವಿದ್ಯಾಲಯ ಇಂಥ ಬೋಧನೆಗೆಂದು ಶಿಕ್ಷಕರನ್ನು ತಯಾರು ಮಾಡುತ್ತಿದೆ.

ಆದರೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುವುದು ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದ ಅದರ ನೆರಳಲ್ಲಿ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ ಎಲ್ಲವೂ ಇವೆ. ಒಂದೇ ತಾಯಿಯ ಮಕ್ಕಳು, ಪರಸ್ಪರ ಮಾತುಕತೆ ಮಾತ್ರ ಕಡಿಮೆ. ಕೊಪ್ಪಳದಲ್ಲಿ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಅದಕ್ಕೂ ಮೊದಲೇ ಗವಿಸಿದ್ಧೇಶ್ವರರ ಹೆಸರಿನ ಆಯುರ್ವೇದ ಕಾಲೇಜು ಇತ್ತು. ನಮ್ಮ ಜನರು ಬೆಳಿಗ್ಗೆ ಇಂಗ್ಲಿಷ್ ಗುಳಿಗೆ, ರಾತ್ರಿ ಚೂರ್ಣ ತಗೊಳ್ಳುವವರು. ಎರಡೂ ಕಡೆ ಓದುವವರು ಕೂಡಿ ಕೂತು ಇದನ್ನು ಎಂದಾದರೂ ಮಾತಾಡಬೇಡವೆ?

ಮಾಡಲು ಸಾಧ್ಯವಾದದ್ದು ಬಹಳಷ್ಟಿದೆ. ಮೊದಲು, ವೇಳಾಪಟ್ಟಿಯಲ್ಲಿ ಎಲ್ಲ ಕಾಲೇಜುಗಳಿಗೂ ಸಾಮಾನ್ಯವಾದ ಒಂದು ಮಧ್ಯಾಹ್ನ ಬೇಕು. ಜಿಲ್ಲೆಯಲ್ಲೇ ನಡೆದ ಒಂದು ಪ್ರಕರಣವನ್ನು, ಹೆಸರು ತೆಗೆದು, ನಾಲ್ಕು ಕೋರ್ಸಿನ ಎಂಟು ಜನರ ಗುಂಪಿನ ಮುಂದಿಡಲಿ. ಗುಂಪಿನ ಮುಖ್ಯಸ್ಥರು ಪ್ರತಿ ಸಲವೂ ಎಂಬಿಬಿಎಸ್‌ನವರೇ ಆಗದಿರಲಿ. ಎರಡನೆಯದಾಗಿ, ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಭೇಟಿ ನೀಡುವ ಕಾರ್ಯಕ್ರಮ ಈಗಾಗಲೇ ಇದೆ. ಅದೇ ಮನೆಗಳಿಗೆ ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳೂ ಜೊತೆಯಾಗಿ ಹೋಗಲಿ. ಒಂದೇ ಡಬ್ಬಿಯ ಗುಳಿಗೆಗಳನ್ನು ಮೂವರೂ ಕೂಡಿ ನೋಡಲಿ. ಮೂರನೆಯದಾಗಿ, ಕುಷ್ಟಗಿ, ಗಂಗಾವತಿಯ ತಾಲೂಕು ಆಸ್ಪತ್ರೆಗಳು ತರಗತಿಯಾಗಲಿ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಸಿಸ್ಟರ್, ಹಳ್ಳಿ ಸುತ್ತುವ ಆಶಾ ಕಾರ್ಯಕರ್ತೆ ಅಲ್ಲಿ ಗುರುಗಳಾಗಲಿ, ಗೌರವಧನವೂ ಸಿಗಲಿ. ನೀರಾವರಿಯ ಗಂಗಾವತಿಯ ರೋಗಿ ಬೇರೆ, ಮಳೆ ನಂಬಿ ಬಿತ್ತಿ, ಬೆಳೆ ಕೈಕೊಟ್ಟರೆ ಗೋವಾ, ಮಂಗಳೂರಿಗೆ ಗುಳೆ ಹೋಗುವ ಕುಷ್ಟಗಿಯ ರೋಗಿ ಬೇರೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾರು ಕಲಿಸಬಲ್ಲರು? ಕೊನೆಯದಾಗಿ, ಇದಕ್ಕೆ ಅಂಕ ಬೇಕು. ಪರೀಕ್ಷೆಯಲ್ಲಿ ಕೇಳದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ, ಮೇಷ್ಟ್ರುಗಳು ಕಲಿಸುವುದೂ ಇಲ್ಲ.

ತೊಡಕುಗಳಿವೆ. ವೈದ್ಯಕೀಯಕ್ಕೆ ಒಂದು ಕೇಂದ್ರ ಆಯೋಗ, ನರ್ಸಿಂಗ್‌ಗೆ, ಫಾರ್ಮಸಿಗೆ ಬೇರೆ ಬೇರೆ ಮಂಡಳಿ. ಪಠ್ಯಕ್ರಮ ಬರೆಯುವವರು ಅವರು. ಆದರೂ 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮವೇ ವೈದ್ಯನು ಆರೋಗ್ಯ ತಂಡದ ನಾಯಕನಷ್ಟೇ ಅಲ್ಲ, ಸದಸ್ಯನೂ ಆಗಿರಬೇಕೆಂದು ಹೇಳುತ್ತದೆ. ಸದಸ್ಯನಾಗುವುದನ್ನು ತಂಡವಿಲ್ಲದೆ ಕಲಿಯುವುದೆಲ್ಲಿ? ಇದು ಸರ್ವರೋಗಕ್ಕೂ ಮದ್ದಲ್ಲ ಎಂಬುದೂ ನಿಜ. 2013ರಲ್ಲಿ ಕಾಕ್ರೇನ್ ಸಂಸ್ಥೆಯ ಮೂಲಕ ಬಂದ ವಿಮರ್ಶೆ ಜಗತ್ತಿನ 15 ಅಧ್ಯಯನಗಳನ್ನು ನೋಡಿತು. 7ರಲ್ಲಿ ಒಳ್ಳೆಯ ಫಲ, 4ರಲ್ಲಿ ಮಿಶ್ರ, 4ರಲ್ಲಿ ಏನೂ ವ್ಯತ್ಯಾಸವಿಲ್ಲ. ಆದ್ದರಿಂದ ಕೊಪ್ಪಳದಲ್ಲಿ ಮಾಡಿ, ಫಲವನ್ನೂ ಕೊಪ್ಪಳದಲ್ಲೇ ಅಳೆಯಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಗೋಡೆ ನಿಯಮದ್ದಲ್ಲ, ಮೇಲು ಕೀಳಿನದು. ನಮ್ಮಲ್ಲಿ ನರ್ಸ್ ಎಂದರೆ ಬಹುಪಾಲು ಹೆಣ್ಣು, ಆಶಾ ಎಂದರೆ ಹೆಣ್ಣೇ. ಹಲವರು ಬಡ ಮನೆಗಳಿಂದ, ಕೆಳಗಿಟ್ಟ ಜಾತಿಗಳಿಂದ ಬಂದವರು. ಮನೆಯಲ್ಲಿ, ಊರಲ್ಲಿ ಕೇಳದ ಅವರ ಮಾತನ್ನು ಆಸ್ಪತ್ರೆಯೊಂದೇ ತಾನಾಗಿ ಕೇಳುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ, ಕೈಗೆ ಅಧಿಕಾರ ಬರುವ ಮೊದಲು, ಒಬ್ಬ ಭಾವೀ ವೈದ್ಯ ಒಬ್ಬ ಭಾವೀ ನರ್ಸಿನಿಂದ "ಇದು ತಪ್ಪಾಗ್ತದ" ಎಂಬ ಮಾತು ಕೇಳಿ, ತಿದ್ದಿಕೊಂಡು, ಅದಕ್ಕೆ ಅಂಕವನ್ನೂ ಪಡೆಯಲಿ. ಮುಂದೆ ಮಂಚದ ಪಕ್ಕದಲ್ಲಿ ಆ ಮಾತು ಅವನಿಗೆ ಹೊಸದೆನಿಸುವುದಿಲ್ಲ.