ಅಪ್ಪಯ್ಯನ ಕ್ಯಾಸೆಟ್ಟೂ 3200ರ ಹುಚ್ಚೂ

ಅಪ್ಪಯ್ಯನ ಹದಿನಾಲ್ಕು ಕ್ಯಾಸೆಟ್‌ಗಳು ಕುಂದಾಪುರದಿಂದ ಡೊಂಬಿವಲಿಗೆ ಬಂದದ್ದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ, ಮತ್ಸ್ಯಗಂಧ ರೈಲಿನಲ್ಲಿ, ಅಮ್ಮನ ತೊಡೆಯ ಮೇಲೆ. ಊರಿನ ದೇವಸ್ಥಾನದಲ್ಲಿ ನಡೆಯುತ್ತಿದ್ದ ತಾಳಮದ್ದಲೆಗಳನ್ನು ಯಾರೋ ಪುಣ್ಯಾತ್ಮರು ರೆಕಾರ್ಡ್ ಮಾಡಿ ಕೊಟ್ಟಿದ್ದರು. ಅಪ್ಪಯ್ಯ ದೊಡ್ಡ ಅರ್ಥಧಾರಿಯೇನಲ್ಲ. ಪೋಸ್ಟಾಫೀಸಿನ ಕೆಲಸ ಮುಗಿಸಿ ಬಂದು, ವಿದುರನೋ ಶಲ್ಯನೋ, ಬೇರೆಯವರು ಬೇಡವೆಂದ ಪಾತ್ರಕ್ಕೆ ಕೂರುತ್ತಿದ್ದವರು. ಅವರು ಹೋಗಿ ಆರು ವರ್ಷವಾಯಿತು. ಅವರ ದನಿ ಉಳಿದಿದ್ದದ್ದು ಆ ಡಬ್ಬದಲ್ಲಿ ಮಾತ್ರ.

"ಇದನ್ನು ನಿನ್ನ ಕಂಪ್ಯೂಟರಿಗೆ ಹಾಕಿಡು ಮಗಾ" ಎಂದಳು ಅಮ್ಮ.

ಸಂಭ್ರಮದಿಂದಲೇ ಶುರುಮಾಡಿದೆ. ನನ್ನದು ರೈಝನ್ 3600 ಇರುವ ಯಂತ್ರ, ಎಂಟು ಜಿಬಿಯ ಎರಡು ರ‍್ಯಾಮ್ ಕಡ್ಡಿಗಳಿದ್ದವು. ಇಂಥ ದೊಡ್ಡ ಕೆಲಸಕ್ಕೆ ಸಾಲದು ಎನ್ನಿಸಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಅದೇ ಕಂಪನಿಯ, ಅದೇ ಲೇಬಲ್ಲಿನ ಇನ್ನೆರಡು ತಂದು ಸಿಕ್ಕಿಸಿದೆ. (ನಿಜ ಹೇಳಬೇಕೆಂದರೆ ಕ್ಯಾಸೆಟ್ ರೆಕಾರ್ಡಿಂಗಿಗೆ ನಾಲ್ಕು ಜಿಬಿಯೂ ಧಾರಾಳ. ಆಸೆಗೆ ನೆಪ ಬೇಕಿತ್ತು.) ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದೆ. ಡಬ್ಬಿಯ ಮೇಲೆ 3200 ಎಂದು ಬರೆದಿದ್ದರೂ ಕಡ್ಡಿ ತಾನಾಗಿ ಆ ವೇಗದಲ್ಲಿ ಓಡುವುದಿಲ್ಲ; ನನ್ನದು 1.2 ವೋಲ್ಟಿನಲ್ಲಿ 2400ಕ್ಕೆ ತೃಪ್ತವಾಗಿತ್ತು. ಎಕ್ಸ್‌ಎಂಪಿ ಎಂದರೆ ಕಡ್ಡಿಯೊಳಗೇ ಬರೆದಿಟ್ಟ ಇನ್ನೊಂದು ಲೆಕ್ಕ: 1.35 ವೋಲ್ಟ್ ಕೊಡು, 3200ಕ್ಕೆ ಓಡುತ್ತೇನೆ ಎಂದು.

ಓಡಿತು. ವಾರಕ್ಕೊಮ್ಮೆ ನೀಲಿ ಪರದೆ ಬರುತ್ತಿತ್ತು, ವಿಂಡೋಸನ್ನು ಬೈದು ಸುಮ್ಮನಾಗುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಕೂತರೆ ಒಂದೊಂದು ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ, ಸುಮಾರು 950 ಎಂಬಿ. ಅದನ್ನು ಫ್ಲ್ಯಾಕ್‌ಗೆ ಇಳಿಸಿ ಜೋಪಾನ ಮಾಡುತ್ತಿದ್ದೆ. ಹದಿನಾಲ್ಕನೆಯದು 'ಕೃಷ್ಣ ಸಂಧಾನ', ಅಪ್ಪಯ್ಯ ವಿದುರ. ಅದರ ರೆಕಾರ್ಡಿಂಗ್ ಮುಗಿಸಿ ಹಿಂದಕ್ಕೆ ಸುತ್ತುವಾಗ ಹಳೆಯ ಡೆಕ್ಕು ಟೇಪನ್ನು ಜಗಿದುಹಾಕಿತು. ಹೋದರೆ ಹೋಗಲಿ, ಕಾಪಿ ಆಗಿದೆಯಲ್ಲ ಎಂದುಕೊಂಡೆ.

ತಮ್ಮನಿಗೆ ಕಳಿಸುವ ಮೊದಲು ಎಲ್ಲವನ್ನೂ ಪರೀಕ್ಷೆಗೆ ಹಾಕಿದೆ. ಫ್ಲ್ಯಾಕ್ ಕಡತ ತನ್ನೊಳಗೇ ಒಂದು ತಾಳೆ ಲೆಕ್ಕ ಇಟ್ಟುಕೊಂಡಿರುತ್ತದೆ, ಬಿಚ್ಚಿದಾಗ ಅದು ಕೂಡಿಬರಬೇಕು. ಮೂರು ಕಡತಗಳಲ್ಲಿ ಕೂಡಲಿಲ್ಲ. ಮೂರರಲ್ಲಿ ಒಂದು ವಿದುರನದು.

ಡಿಸ್ಕ್ ನೋಡಿದೆ, ಕೇಬಲ್ ಬದಲಿಸಿದೆ. ಕೊನೆಗೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಓಡಿಸಿದರೆ ಮೊದಲ ಸುತ್ತಿನಲ್ಲೇ 41 ತಪ್ಪುಗಳು, ಕೆಂಪು ಸಾಲುಗಳಲ್ಲಿ.

ಹೊಸ ಕಡ್ಡಿಗಳನ್ನು ಹಿಡಿದು ಜಗಳಕ್ಕೆ ಸಿದ್ಧನಾಗಿಯೇ ಅಂಗಡಿಗೆ ಹೋದೆ. ಆತ ತನ್ನ ಮೆಷಿನ್ನಿಗೆ ಹಾಕಿ ಒಂದು ಗಂಟೆ ಓಡಿಸಿ, "ಮಾಲ್ ಏಕ್‌ದಮ್ ಬರಾಬರ್ ಹೈ, ಸಾಬ್" ಎಂದ. ಬರಾಬರಾಗಿಯೇ ಇತ್ತು. ಮನೆಯಲ್ಲಿ ಹಳೆಯ ಜೋಡಿಯನ್ನಷ್ಟೇ ಹಾಕಿದರೂ ತಪ್ಪಿಲ್ಲ, ಹೊಸ ಜೋಡಿಯನ್ನಷ್ಟೇ ಹಾಕಿದರೂ ತಪ್ಪಿಲ್ಲ. ನಾಲ್ಕೂ ಕೂಡಿದರೆ ಜಗಳ.

ಆಮೇಲೆ ವೋಲ್ಟೇಜಿನ ಆಟ. 1.35ನ್ನು 1.38ಕ್ಕೆ ಏರಿಸಿದೆ, ತಪ್ಪು ಮೂರಕ್ಕೆ ಇಳಿಯಿತು. ಟೈಮಿಂಗ್ ಬಿಗಿ ಮಾಡುವ ಹುಚ್ಚುಸಾಹಸಕ್ಕೆ ಒಮ್ಮೆ ಪರದೆಯೇ ಬರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು; ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಕಿತ್ತು ಐದು ನಿಮಿಷ ಬಿಟ್ಟು ಹಾಕಬೇಕಾಯಿತು. ಇನ್ನೊಂದು ರಾತ್ರಿ 1.38ರಲ್ಲೇ ಒಂದೂ ತಪ್ಪಿಲ್ಲದೆ ಬೆಳಗಾಯಿತು, ಕುಣಿಯುವುದೊಂದೇ ಬಾಕಿ. ಮೇ ತಿಂಗಳ ಮಧ್ಯಾಹ್ನ ಮತ್ತೆ ಓಡಿಸಿದರೆ ಹನ್ನೊಂದು. ರ‍್ಯಾಮಿನ ಒಂದೊಂದು ಬಿಟ್ಟೂ ಸೋರುವ ಕೊಡಪಾನ. ಒಳಗಿನ ವಿದ್ಯುತ್ತು ಸೋರಿಹೋಗುವ ಮೊದಲು, 64 ಮಿಲಿಸೆಕೆಂಡಿಗೊಮ್ಮೆ ತುಂಬುತ್ತಲೇ ಇರಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು, ವೋಲ್ಟೇಜ್ ಏರಿಸಿದರೆ ಬಿಸಿಯೂ ಏರುತ್ತದೆ. ಡೊಂಬಿವಲಿಯ ಮೂರನೇ ಮಹಡಿಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ನಾನು ಒಂದು ಕೈಯಲ್ಲಿ ತುಂಬುತ್ತ ಇನ್ನೊಂದು ಕೈಯಲ್ಲಿ ತೂತು ದೊಡ್ಡದು ಮಾಡುತ್ತಿದ್ದೆ.

ಆಮೇಲೆ ಪ್ರೊಸೆಸರಿನ ವಿವರ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ಎರಡು ಕಡ್ಡಿಗೆ 3200, ನನ್ನಂಥ ಸಿಂಗಲ್ ರ‍್ಯಾಂಕ್ ಕಡ್ಡಿ ನಾಲ್ಕಿದ್ದರೆ 2933 ಎಂದು ಎಎಂಡಿಯವರೇ ಹೇಳಿದ್ದಾರೆ. ನಾಲ್ಕನ್ನೂ ನಿಭಾಯಿಸುವ ಭಾರ ಬೀಳುವುದು ಪ್ರೊಸೆಸರಿನೊಳಗಿನ ನಿಯಂತ್ರಕದ ಮೇಲೆ. 2933ಕ್ಕೆ ಇಳಿಸಿ, ವೋಲ್ಟೇಜನ್ನು 1.35ಕ್ಕೇ ತಂದೆ. ರಾತ್ರಿಯಿಡೀ ಸೊನ್ನೆ, ಮಧ್ಯಾಹ್ನವೂ ಸೊನ್ನೆ. ಕಳೆದುಕೊಂಡದ್ದೆಷ್ಟು? ಸಿಎಲ್ 16ರ ಲೆಕ್ಕದಲ್ಲಿ 10 ನ್ಯಾನೋಸೆಕೆಂಡಿದ್ದದ್ದು 10.9 ಆಯಿತು. ಈ 0.9ಕ್ಕಾಗಿ ನಾನು ಇಷ್ಟೆಲ್ಲ ಮಾಡಿದ್ದೆ.

ಹದಿಮೂರು ಕ್ಯಾಸೆಟ್‌ಗಳನ್ನು, ಬೇರೆ ಡೆಕ್ಕು ಎರವಲು ತಂದು, ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡಿದೆ. ವಿದುರನ ಟೇಪು ಮಾತ್ರ ಸುಕ್ಕಾಗಿ, ಎರಡು ಕಡೆ ತುಂಡಾಗಿ ಡಬ್ಬದಲ್ಲಿದೆ. ಇರುವುದು ಆ ಕೆಟ್ಟ ಕಡತವೇ. ಅದರಲ್ಲಿ ಎರಡು ಕಡೆ ಸೆಕೆಂಡಿನ ಹತ್ತನೇ ಒಂದಂಶದಷ್ಟು ದನಿ ಹಾರಿಹೋಗಿದೆ. ಅದು ಗೊತ್ತಾದ ನಷ್ಟ. ಗೊತ್ತಾಗದ್ದು ಬೇರೆ: ಫ್ಲ್ಯಾಕ್ ಆಗುವ ಮೊದಲೇ ರ‍್ಯಾಮಿನಲ್ಲಿ ಒಂದು ಬಿಟ್ ಮಗುಚಿದ್ದರೆ ತಾಳೆ ಲೆಕ್ಕವೂ ಆ ತಪ್ಪನ್ನೇ ಸರಿ ಎನ್ನುತ್ತದೆ. ಕೇಳುವಾಗ ಅದು ಬರೀ 'ಟಕ್' ಎನ್ನುವ ಸದ್ದು. ಹಳೆಯ ಟೇಪಿನ ಸದ್ದೂ ಹಾಗೆಯೇ. ಅಂಥ ಇಪ್ಪತ್ತಾರು ಟಕ್‌ಗಳಿಗೆ ಗುರುತು ಹಾಕಿ, ಒಂದೊಂದಾಗಿ ಅಳಿಸಲು ಕೂತಿದ್ದೆ.

ಅಮ್ಮ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ವಿದುರ ಕೃಷ್ಣನನ್ನು ಮನೆಗೆ ಕರೆಯುವ ಭಾಗ. ನಡುವೆ ಒಂದು ಟಕ್.

"ಹಾಂ, ಇಲ್ಲಿ ಅಪ್ಪಯ್ಯ ನೀರು ಕುಡಿದು ಲೋಟ ಕೆಳಗಿಟ್ಟದ್ದು" ಎಂದಳು.

ಹಿಂದಕ್ಕೆ ತಂದು ಮತ್ತೆ ಕೇಳಿಸಿದೆ. ಹೌದೋ ಅಲ್ಲವೋ, ನನಗೆ ತಿಳಿಯಲಿಲ್ಲ. ಆ ಗುರುತನ್ನು ತೆಗೆದುಹಾಕಿ, ಸದ್ದನ್ನು ಹಾಗೆಯೇ ಬಿಟ್ಟೆ. ಉಳಿದ ಇಪ್ಪತ್ತೈದನ್ನೂ ಅಮ್ಮನಿಗೆ ಒಂದೊಂದಾಗಿ ಕೇಳಿಸುತ್ತಿದ್ದೇನೆ.