ಐದನೇ ಪೋರ್ಟಿನಲ್ಲಿ ಕೂತು

ಸ್ವಿಚ್ಚಿನ ಎರಡನೇ ಪೋರ್ಟಿಗೆ ಕೇಬಲ್ ಟಕ್ ಎಂದು ಕೂರುತ್ತದೆ. ಅದರ ಮೇಲಿನ ಹಸಿರು ದೀಪ ಒಮ್ಮೆ ಮಿಣುಕಿ, ಆಮೇಲೆ ಪಟಪಟ ಹೊಡೆದುಕೊಳ್ಳಲು ಶುರು. ಅದು ಅಕ್ಕನ ಮಗನ ಗೇಮಿಂಗ್ ಪಿಸಿ. ಒಂದನೇ ಪೋರ್ಟಿನ ತಂತಿ ಹಾಲ್‌ನಲ್ಲಿರುವ ರೌಟರಿಗೆ ಹೋಗಿದೆ, ಮೂರನೆಯದು ಒಳಕೋಣೆಗಳಿಗೆ ವೈಫೈ ಹಂಚುವ ಆಕ್ಸೆಸ್ ಪಾಯಿಂಟಿಗೆ. ಐದನೆಯದರಲ್ಲಿ ನನ್ನ ಲಿನಕ್ಸ್ ಲ್ಯಾಪ್‌ಟಾಪ್. ಮೈಸೂರಿನ ಕುವೆಂಪುನಗರ, ಸಂಜೆ ಏಳರ ಹೊತ್ತು, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದೆ.

"ಮಾವ, ನೆಟ್ ಕೊಡೋರದ್ದೇ ಪ್ರಾಬ್ಲಂ. ಬೆಳಗ್ಗೆ ಸರಿ ಇರತ್ತೆ, ಸಾಯಂಕಾಲ ಕೂತ್ರೆ ಬರೀ ಲ್ಯಾಗ್."

"ಇರಬಹುದು ಪುಟ್ಟ. ನೋಡಿಬಿಟ್ಟೇ ಬೈಯೋಣ."

ಅವನು ಕೌಂಟರ್-ಸ್ಟ್ರೈಕ್ 2 ತೆರೆಯುತ್ತಾನೆ, ನಾನು ತಂತಿಯ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್. ತಂತಿ ಸಿಕ್ಕಿಸಿದ ಮಾತ್ರಕ್ಕೆ ಅವನ ಆಟ ನನ್ನ ಕಣ್ಣಿಗೆ ಬೀಳುವುದಿಲ್ಲ. ನನ್ನ ನೆಟ್‌ವರ್ಕ್ ಕಾರ್ಡನ್ನು ಪ್ರಾಮಿಸ್ಕ್ಯುಯಸ್ ಮೋಡಿಗೆ ಹಾಕಿದ್ದೇನೆ, ಅಂದರೆ ತನಗಲ್ಲದ ಪ್ಯಾಕೆಟ್ಟನ್ನೂ ಅದು ಎತ್ತಿಕೊಳ್ಳುತ್ತದೆ. ಎತ್ತಿಕೊಳ್ಳಲು ಬರಬೇಕಲ್ಲ! ತೆರೆಯ ಮೇಲೆ ಸರಿಯುವುದು ಎಲ್ಲರಿಗೂ ಕೂಗಿ ಹೇಳುವ ಬ್ರಾಡ್‌ಕಾಸ್ಟುಗಳು ಮಾತ್ರ. ಈ ಐಪಿ ವಿಳಾಸ ಯಾರದ್ದು ಅಂತ ರೌಟರ್ ಕೇಳುತ್ತದೆ. ಭಾವನ ಪ್ರಿಂಟರ್ ತಾನು ಬದುಕಿದ್ದೇನೆಂದು ಆಗಾಗ ಸಾರುತ್ತದೆ. ಯಾವ ಮ್ಯಾಕ್ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ಚು ಬರೆದಿಟ್ಟುಕೊಂಡು, ಪ್ಯಾಕೆಟ್ಟನ್ನು ಸಂಬಂಧಪಟ್ಟವರಿಗಷ್ಟೇ ತಲುಪಿಸುತ್ತದೆ. ಪಕ್ಕದ ಪೋರ್ಟಿನವನಿಗೆ ಸುಳಿವೂ ಇಲ್ಲ.

ಹಿಂದಿನ ಹಬ್ಬುಗಳಿಗೆ ಈ ಶಿಸ್ತು ಇರಲಿಲ್ಲ. ಒಂದು ಕಡೆ ಬಂದದ್ದನ್ನು ಉಳಿದೆಲ್ಲ ಕಡೆ ಒದರುತ್ತಿದ್ದವು. ಮನೆಯಲ್ಲಿ ಕೂತು ಇನ್ನೊಂದು ಕಂಪ್ಯೂಟರಿನ ಆಟ ಕದ್ದುಕೇಳುವ ವಿದ್ಯೆ ಹೆಸರು ಮಾಡಿದ್ದೇ ಹಬ್ಬುಗಳಿಂದ. 1999ರಲ್ಲಿ ಅಮೆರಿಕದಲ್ಲಿ ಎವರ್‌ಕ್ವೆಸ್ಟ್ ಬಂತು, ಸಾವಿರಾರು ಜನ ಒಂದೇ ಲೋಕದಲ್ಲಿ ಅಲೆದಾಡುವ ಆಟ. ಸುತ್ತಮುತ್ತ ಯಾವ ರಾಕ್ಷಸ ಎಲ್ಲಿದ್ದಾನೆಂಬುದನ್ನೆಲ್ಲ ಸರ್ವರ್ ಆಟಗಾರನ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆಟ ಅದರಲ್ಲಿ ಕಣ್ಣಳತೆಯದನ್ನಷ್ಟೇ ತೋರಿಸುತ್ತಿತ್ತು. ಕೆಲವರು ಅದೇ ಹಬ್ಬಿಗೆ ಒಂದು ಲಿನಕ್ಸ್ ಯಂತ್ರ ಸಿಕ್ಕಿಸಿ ಶೋ-ಇಕ್ಯೂ ಎಂಬ ತಂತ್ರಾಂಶ ಓಡಿಸಿದರು. ಇಡೀ ಪ್ರದೇಶದ ನಕ್ಷೆ, ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಎಲ್ಲ ಪ್ರಾಣಿಗಳೂ ತೆರೆಯ ಮೇಲೆ ಬಂದವು. ಆಟದ ಯಂತ್ರವನ್ನು ಮುಟ್ಟಿಯೇ ಇಲ್ಲವಾದ್ದರಿಂದ ಅಲ್ಲಿ ಸುಳಿವು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಕಂಪನಿ ಪ್ಯಾಕೆಟ್ಟುಗಳಿಗೆ ಬೀಗ ಜಡಿಯಿತು, ಇವರು ಕೀಲಿ ಹುಡುಕಿದರು. ಆ ಬೆಕ್ಕು-ಇಲಿ ಜಗಳ ವರ್ಷಗಟ್ಟಲೆ ನಡೆಯಿತು. ಅದು ಮೋಸವೇ, ಆದರೆ ಬುದ್ಧಿವಂತರ ಮೋಸ.

ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೋಗಿ ಹಬ್ ಕೇಳಿದರೆ ಅಂಗಡಿ ಹುಡುಗ ಯುಎಸ್‌ಬಿ ಹಬ್ ತೆಗೆದು ಕೌಂಟರಿನ ಮೇಲಿಡುತ್ತಾನೆ. ಹಾಗಾಗಿ ಪೋರ್ಟ್ ಮಿರರಿಂಗ್ ಇರುವ ಸ್ವಿಚ್ಚೇ ಬೇಕು. ಅಗ್ಗದ ಸ್ವಿಚ್ಚುಗಳಲ್ಲಿ ಅದು ಇರುವುದಿಲ್ಲ. ನನ್ನದರಲ್ಲಿದೆ. ಬ್ರೌಸರಿನಲ್ಲಿ ಸ್ವಿಚ್ಚಿನ ವಿಳಾಸ ಕೊಟ್ಟು ಒಳಗೆ ಹೋಗುತ್ತೇನೆ. ನೋಡಬೇಕಾದ ಪೋರ್ಟ್ 2, ನಕಲು ಹೋಗಬೇಕಾದ ಪೋರ್ಟ್ 5. ಬರುವುದಕ್ಕೂ ಟಿಕ್, ಹೋಗುವುದಕ್ಕೂ ಟಿಕ್. ಅಪ್ಲೈ.

ತೆರೆ ಧುಮ್ಮಿಕ್ಕುತ್ತದೆ! ಸಾಲಿನ ಮೇಲೆ ಸಾಲು, ಓದಲಾಗದ ವೇಗದಲ್ಲಿ.

"ಕಮ್ಯುನಿಟಿ ಸರ್ವರ್ ಪಟ್ಟಿ ತೆಗಿ," ಎನ್ನುತ್ತೇನೆ. ತೆಗೆಯುತ್ತಾನೆ. ನಿಲ್ಲಿಸಿ ಒಂದು ಪ್ಯಾಕೆಟ್ ಬಿಚ್ಚಿ ತೋರಿಸುತ್ತೇನೆ. ಮೊದಲಿಗೆ ನಾಲ್ಕು ಬೈಟ್, ನಾಲ್ಕೂ ಎಫ್ಎಫ್. ಆಮೇಲೆ 54. ಅದರ ಹಿಂದೆ ಬಲಗಡೆಯ ಕಾಲಮ್ಮಿನಲ್ಲಿ ಅಚ್ಚ ಇಂಗ್ಲಿಷ್ ಅಕ್ಷರಗಳಲ್ಲಿ 'ಸೋರ್ಸ್ ಎಂಜಿನ್ ಕ್ವೆರಿ'. ಕೊನೆಗೊಂದು ಸೊನ್ನೆ. ಎಲ್ಲ ಸೇರಿ 25 ಬೈಟ್. ನೀನು ಯಾರು, ಯಾವ ಮ್ಯಾಪ್ ಓಡುತ್ತಿದೆ, ಎಷ್ಟು ಜನ ಇದ್ದಾರೆ ಎಂದು ಕೇಳುವ ಪ್ರಶ್ನೆ ಇದು. ಉತ್ತರವೂ ಬಿಚ್ಚಿಕೊಂಡೇ ಬರುತ್ತದೆ, ಸರ್ವರಿನ ಹೆಸರು, ಮ್ಯಾಪಿನ ಹೆಸರು ಎಲ್ಲ ಓದುವಂತೆ. ಪುಟ್ಟ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬರುತ್ತಾನೆ.

"ಹಂಗಾದ್ರೆ ಎನಿಮಿ ಎಲ್ಲಿದಾನೆ ಅಂತಾನೂ ಕಾಣತ್ತಾ?"

ಬಂತು ನೋಡಿ, ಕಾಲು ಶತಮಾನ ಹಳೆಯ ಆಸೆ.

"ಮ್ಯಾಚ್ ಶುರು ಮಾಡು, ನೋಡೋಣ."

ಮ್ಯಾಚ್ ಶುರುವಾದದ್ದೇ ಬಲಗಡೆಯ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಈ ಪ್ಯಾಕೆಟ್ಟುಗಳು ವಾಲ್ವ್ ಕಂಪನಿಯ ರಿಲೇಗಳ ಮೂಲಕ, ಬೀಗ ಹಾಕಿಕೊಂಡು ಹೋಗುತ್ತವೆ. ಶತ್ರು ಎಲ್ಲಿದ್ದಾನೋ, ಗುಂಡು ತಾಗಿತೋ, ಒಂದೂ ತಿಳಿಯದು. ಅವನ ಮುಖ ಬಾಡುತ್ತದೆ. ನನಗೇನೋ ಸಮಾಧಾನ. ಬೀಗ ಹಾಕಿದರೂ ಮುಚ್ಚಿಡಲಾಗದ್ದು ಎರಡಿದೆ, ಗಾತ್ರ ಮತ್ತು ಸಮಯ. ನಮಗೆ ಬೇಕಾದದ್ದು ಅದೇ. ಗ್ರಾಫ್ ತೆರೆಯುತ್ತೇನೆ. ಈ ಆಟದ ಸರ್ವರ್ ಸೆಕೆಂಡಿಗೆ 64 ಸಲ ಲೋಕವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ. ಹೋಗುವ ಗೆರೆ 64ರ ಆಸುಪಾಸು, ಬರುವ ಗೆರೆಯೂ ಅಷ್ಟೇ. ಎರಡೂ ಅಡಿಪಟ್ಟಿ ಇಟ್ಟು ಎಳೆದಂತಿವೆ.

ಏಳೂವರೆ ದಾಟಿದೆ. ಮಿಕ್ಸಿ ನಿಂತು ಕುಕ್ಕರ್ ಕೂಗುತ್ತಿದೆ. "ಶುರುವಾಯ್ತು ಮಾವ!" ಅವನ ಸೈನಿಕ ಗೋಡೆಯ ಮೂಲೆಯಲ್ಲಿ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಎಳೆಸಿಕೊಂಡು ಬರುತ್ತಿದ್ದಾನೆ.

ನನ್ನ ಗ್ರಾಫ್ ಮಾತ್ರ ಜಗ್ಗುವುದಿಲ್ಲ. ಎರಡೂ ಗೆರೆ ನೆಟ್ಟಗೇ ಇವೆ. ಕಳಿಸುವುದು ಕಳಿಸುತ್ತಲೇ ಇದೆ, ಬರುವುದು ಬರುತ್ತಲೇ ಇದೆ. ಈ ಕೆಲಸದಲ್ಲಿ ಸ್ವಾರಸ್ಯ ಇರುವುದೇ ಇಲ್ಲಿ. ಪ್ಯಾಕೆಟ್ ಪಿಸಿಯಿಂದ ಹೊತ್ತಿಗೆ ಸರಿಯಾಗಿ ಹೊರಟದ್ದು ನನಗೆ ಕಾಣುತ್ತದೆ, ರೌಟರ್ ದಾಟಿದ್ದು ಯಾವಾಗ ಎಂಬುದು ಕಾಣುವುದಿಲ್ಲ. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಜೋಡಿ ಹಾಕೋಣವೆಂದರೆ ಬೀಗ. ಪಿಸಿಯಲ್ಲೇ ಇನ್ನೊಂದು ಕಿಟಕಿ ತೆರೆಸಿ, ಹೋಗಿಬರುವ ಸಮಯ ಅಳೆಯಲು ಪಿಂಗ್ ಹಾಕಿಸುತ್ತೇನೆ. ರೌಟರಿಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ. ರೌಟರಿನಾಚೆಗೆ 280, 310, 295.

ಮಿರರ್ ಪೋರ್ಟನ್ನು ಎರಡರಿಂದ ಒಂದಕ್ಕೆ ಬದಲಿಸುತ್ತೇನೆ. ಈಗ ಒಳಕೋಣೆಗಳದ್ದೂ ಸೇರಿ ರೌಟರಿಗೆ ಹೋಗುವುದೆಲ್ಲ ನನ್ನ ಮುಂದೆ. ಹುಡುಕುವ ಕಷ್ಟವೇ ಇಲ್ಲ. ಆಟದ ಚಿಕ್ಕ ಪ್ಯಾಕೆಟ್ಟುಗಳ ನಡುವೆ 1514, 1514, 1514. ಈಥರ್ನೆಟ್ಟಿನಲ್ಲಿ ಸಾಧಾರಣವಾಗಿ ಹಿಡಿಸುವಷ್ಟೂ ತುಂಬಿದ ಪ್ಯಾಕೆಟ್ಟುಗಳು, ಎಲ್ಲ ಹೊರಮುಖ, ಎಲ್ಲ ಒಂದೇ ವಿಳಾಸದಿಂದ.

"192.168.1.31 ಯಾರದ್ದೋ?"

ರೌಟರಿನ ಪಟ್ಟಿ ನೋಡಿ ಅವನು ಅಡುಗೆಮನೆ ಕಡೆ ತಿರುಗುತ್ತಾನೆ. "ಅಮ್ಮಾ, ನಿನ್ ಫೋನ್ ಏನ್ ಮಾಡ್ತಿದೆ?"

"ಚಾರ್ಜಿಗೆ ಹಾಕಿದೀನಿ ಕಣೋ, ಮುಟ್ಬೇಡ!"

ಅದೇ. ಅಡುಗೆಗೆ ನಿಲ್ಲುವ ಮುಂಚೆ ಅಕ್ಕ ದಿನಾ ಫೋನನ್ನು ಚಾರ್ಜಿಗೆ ಹಾಕುತ್ತಾಳೆ. ಚಾರ್ಜಿನಲ್ಲಿದ್ದು ವೈಫೈ ಸಿಕ್ಕರೆ ಮಾತ್ರ ಬ್ಯಾಕಪ್ ಮಾಡು ಎಂದು ಫೋನಿಗೆ ಹೇಳಿಟ್ಟಿದೆ. ಶಿವಮೊಗ್ಗದ ಮದುವೆಯ ವಿಡಿಯೊಗಳು ಸಾಲಾಗಿ ಮೇಲೇರುತ್ತಿವೆ. ಲೈನಿನ ಅಪ್‌ಲೋಡ್ 40 ಎಂಬಿಪಿಎಸ್. ಫೋನು ಅದಕ್ಕಿಂತ ಬೇಗ ತಳ್ಳುತ್ತದೆ. ಹೆಚ್ಚಾದದ್ದನ್ನು ರೌಟರ್ ಎಸೆಯದೆ ತನ್ನ ಬಫರಿನಲ್ಲಿ ಪೇರಿಸಿಕೊಳ್ಳುತ್ತದೆ. ಕಿರುಸೇತುವೆಯ ಮೇಲೆ ದಿಬ್ಬಣದ ಬಸ್ಸುಗಳ ಹಿಂದೆ ಸಿಕ್ಕಿಕೊಂಡ ಸೈಕಲ್ಲಿನಂತೆ ಪುಟ್ಟನ ಪ್ಯಾಕೆಟ್ಟು ಅಲ್ಲಿ ಕಾಯುತ್ತದೆ. ಕಳೆದುಹೋಗುವುದಿಲ್ಲ, ತಡವಾಗುತ್ತದೆ.

ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ನೆಟ್ಟಿನಲ್ಲೇ ಇದನ್ನು ಬೆನ್ನಟ್ಟಿ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಮದ್ದು ಕೊಟ್ಟವರಲ್ಲೊಬ್ಬರು ವ್ಯಾನ್ ಜೇಕಬ್‌ಸನ್. 1988ರಲ್ಲಿ ಬರ್ಕ್ಲಿಯ ಲ್ಯಾಬಿನಲ್ಲಿ ಜೊತೆಗಾರರೊಂದಿಗೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಬರೆದವರು. ವೈರ್‌ಶಾರ್ಕ್ ಇವತ್ತಿಗೂ ಪ್ಯಾಕೆಟ್ ಹಿಡಿಯುವುದು ಅದೇ ಬಳಗದ ಲೈಬ್ರರಿಯಿಂದ. ತಂತಿಯನ್ನು ನೋಡಲು ಕಲಿಸಿದವರೇ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಕೋಡೆಲ್ ಎಂಬ ಸರದಿಯ ಸೂತ್ರ ಕೊಟ್ಟರು: ಕಾಯುವಿಕೆ 5 ಮಿಲಿಸೆಕೆಂಡ್ ಮೀರಿ 100 ಮಿಲಿಸೆಕೆಂಡಿನಷ್ಟು ಕಾಲ ಇಳಿಯದಿದ್ದರೆ ಒಂದು ಪ್ಯಾಕೆಟ್ ಬೀಳಿಸು, ಕಳಿಸುವವನು ತಾನಾಗಿ ನಿಧಾನಿಸುತ್ತಾನೆ.

ಓಪನ್‌ಡಬ್ಲ್ಯುಆರ್‌ಟಿ ಹಾಕಿದ ನನ್ನ ಹಳೆಯ ರೌಟರನ್ನು ನೆಟ್ ಕಂಪನಿ ಕೊಟ್ಟ ರೌಟರಿಗೂ ಸ್ವಿಚ್ಚಿಗೂ ನಡುವೆ ಕೂರಿಸಿ, ಎಫ್‌ಕ್ಯೂ-ಕೋಡೆಲ್ ಚಾಲೂ ಮಾಡಿ, ಅಪ್‌ಲೋಡಿಗೆ 36ರ ಮಿತಿ ಹಾಕುತ್ತೇನೆ. ಲೈನಿಗಿಂತ ಸ್ವಲ್ಪ ಕಡಿಮೆ ಇಟ್ಟರೆ ಸರದಿ ನಿಲ್ಲುವುದು ನಮ್ಮ ರೌಟರಿನಲ್ಲಿ, ನಮ್ಮ ಸೂತ್ರದಂತೆ. ಮದುವೆ ಮೇಲೇರುತ್ತಲೇ ಇದೆ. ಪಿಂಗ್ 14, 16, 15. ಪುಟ್ಟ ಮತ್ತೆ ಆಟಕ್ಕಿಳಿದು ಮೊದಲ ಸುತ್ತಿನಲ್ಲೇ ಸಾಯುತ್ತಾನೆ, ಈ ಸಲ ಯಾರನ್ನೂ ಬೈಯದೆ.

ಒಂದನೇ ಪೋರ್ಟಿನ ನಕಲು ಇನ್ನೂ ನನ್ನ ಲ್ಯಾಪ್‌ಟಾಪಿಗೆ ಬರುತ್ತಿದೆ. ಅದರಲ್ಲಿ ಆಟ ಮಾತ್ರ ಇಲ್ಲ. ಈ ಮನೆಯ ಡಿಎನ್‌ಎಸ್ ಪ್ರಶ್ನೆಗಳು ಬೀಗವಿಲ್ಲದೆ ಹೋಗುತ್ತಿವೆ. ಭಾವ ಯಾವ ಷೇರು ಸೈಟು ತೆರೆದರು, ಅಕ್ಕ ಯಾವ ಸೀರೆ ಅಂಗಡಿ ನೋಡಿದಳು, ಹೆಸರುಗಳು ಸರಸರ ಸರಿಯುತ್ತಿವೆ. ಕ್ಯಾಪ್ಚರ್ ನಿಲ್ಲಿಸಿ ಫೈಲ್ ಅಳಿಸುತ್ತೇನೆ, ಮಿರರಿಂಗ್ ತೆಗೆದುಹಾಕುತ್ತೇನೆ, ಸ್ವಿಚ್ಚಿಗೆ ಹೊಸ ಪಾಸ್‌ವರ್ಡ್ ಇಡುತ್ತೇನೆ.

"ಮಾವ, ಪಾಸ್‌ವರ್ಡ್ ನಂಗೂ ಹೇಳು."

"ಊಟಕ್ಕೆ ನಡಿ."